ರಜಿಯಾಳ ಎರಡನೆಯ ಕಂಬಸಾಲು

ನಮ್ಮ ಪುಸ್ತಕದ ಕಪಾಟಿಗೆ ಗೆದ್ದಲು ಹತ್ತಿದೆ ಎಂದು ಹೆಂಡತಿ ಎರಡು ತಿಂಗಳಿಂದ ಹೇಳುತ್ತಿದ್ದಳು. ಗಣಿತದ ಪುಸ್ತಕಗಳನ್ನು ಗೆದ್ದಲು ಕೂಡ ಜೀರ್ಣಿಸಿಕೊಳ್ಳಲಾರದು ಎಂದು ನಾನು ಎರಡು ತಿಂಗಳಿಂದ ಹಾಸ್ಯ ಮಾಡುತ್ತಿದ್ದೆ. ಹೋದ ರವಿವಾರ ಆಕೆ ಹಾಸ್ಯ ಕೇಳುವ ಮನಸ್ಸಿನಲ್ಲಿರಲಿಲ್ಲ. ಸವದತ್ತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಪಾಟನ್ನು ಅಡ್ಡ ಮಲಗಿಸಿ, ಪುಸ್ತಕಗಳನ್ನೆಲ್ಲ ಬಿಸಿಲಿಗೆ ಹರವಿದೆವು. ಮಣ್ಣು, ಹಳೆಯ ಕಾಗದ, ಗೆದ್ದಲಿನ ಔಷಧಿ ಮೂರೂ ಕೂಡಿದ ಒಂದು ವಾಸನೆ ಮನೆ ತುಂಬಿತು.

ಆ ರಾಶಿಯಲ್ಲಿ ನೀಲಿ ರಟ್ಟಿನ ಒಂದು ದಪ್ಪ ನೋಟ್‌ಬುಕ್ ಸಿಕ್ಕಿತು. ಗೆದ್ದಲು ಮೊದಲ ನಲವತ್ತು ಪುಟ ತಿಂದು, ಯಾಕೋ ಬೇಸತ್ತು, ನಿಲ್ಲಿಸಿತ್ತು. ಉಳಿದ ಪುಟಗಳ ನಡುವೆ ಮಡಚಿದ ಒಂದು ಪ್ರಶ್ನೆಪತ್ರಿಕೆ. ಎರಡನೆಯ ವರ್ಷದ ಬಿ.ಎಸ್ಸಿ., ಗಣಿತ, ಕಿರುಪರೀಕ್ಷೆ, ಇಪ್ಪತ್ತು ಅಂಕ. ನನ್ನದೇ ಕೈಬರಹ. ನಾಲ್ಕನೆಯ ಪ್ರಶ್ನೆ ಓದಿದೆ. ಓದಿ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. "ಏನಾತ್ರಿ? ಹುಳಾ ಕಡೀತೇನು?" ಎಂದಳು ಹೆಂಡತಿ. ಇಲ್ಲ ಎಂದೆ. ಆದರೆ ಕಡಿದದ್ದು ಕಡಿದಿತ್ತು.

ಆ ಪತ್ರಿಕೆ ಹದಿನೆಂಟು ವರ್ಷದ ಹಿಂದಿನದು. ಆಗ ನನಗೆ ಇಪ್ಪತ್ನಾಲ್ಕು. ಎಂ.ಎಸ್ಸಿ. ಮುಗಿಸಿ, ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಒಂದು ವರ್ಷದ ಮಟ್ಟಿಗೆ ಅತಿಥಿ ಉಪನ್ಯಾಸಕನಾಗಿ ಸೇರಿಕೊಂಡಿದ್ದೆ. ಅತಿಥಿ ಎಂಬ ಪದವನ್ನು ನಾನು ತೀರ ಮನಸ್ಸಿಗೆ ಹಚ್ಚಿಕೊಂಡಿದ್ದೆನೇನೋ. ಇಸ್ತ್ರಿ ಮಾಡಿದ ಅಂಗಿ, ಒಳಗೆ ಸಿಗಿಸಿದ ತುದಿ, ಕಿಸೆಯಲ್ಲಿ ಎರಡು ಪೆನ್ನು, ಒಂದು ನೀಲಿ ಒಂದು ಕೆಂಪು. ನಮ್ಮೂರು ಕಿತ್ತೂರು, ಶನಿವಾರ ಸಂಜೆ ಊರಿಗೆ, ಸೋಮವಾರ ಬೆಳಿಗ್ಗೆ ವಾಪಸು. ಉಳಿದ ದಿನ ಬೈಲಹೊಂಗಲದಲ್ಲಿ ಗಂಗವ್ವ ಎಂಬ ಹಿರಿಯ ಹೆಣ್ಣುಮಗಳ ಮನೆಯ ಮುಂದಿನ ಕೋಣೆಯಲ್ಲಿ ವಾಸ. ನನ್ನ ಆಸ್ತಿಯೆಂದರೆ ಆ ನೀಲಿ ನೋಟ್‌ಬುಕ್. ನನ್ನ ಗುರುಗಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡದ್ದು. ಅದರಲ್ಲಿದ್ದದ್ದು ಗಣಿತ, ಅದರಲ್ಲಿ ಇಲ್ಲದ್ದು ಗಣಿತವಲ್ಲ ಎಂಬ ನಂಬಿಕೆಯಲ್ಲಿ ನಾನು ನೆಮ್ಮದಿಯಾಗಿದ್ದೆ.

ಆ ವರ್ಷ ನಾನು ಕಲಿಸಬೇಕಾಗಿದ್ದದ್ದು ಮ್ಯಾಟ್ರಿಕ್ಸ್. ಅದರಲ್ಲಿ ಕರ್ನೆಲ್ ಮತ್ತು ಇಮೇಜ್. ಹೆದರಬೇಡಿ, ನಿಮ್ಮನ್ನು ಕ್ಲಾಸಿನಲ್ಲಿ ಕೂರಿಸುವುದಿಲ್ಲ. ಆದರೆ ಎರಡು ಮಾತು ಹೇಳದಿದ್ದರೆ ನಾನು ಮಾಡಿದ ತಪ್ಪು ಎಷ್ಟು ದೊಡ್ಡದು ಎಂದು ನಿಮಗೆ ತಿಳಿಯಲಿಕ್ಕಿಲ್ಲ. ಅದನ್ನು ಮುಚ್ಚಿಡುವ ಆಸೆ ನನಗೂ ಇದೆ, ಆದರೂ ಹೇಳುತ್ತೇನೆ.

ಸಮತಲವೆಂದರೆ ಅಂಚೇ ಇಲ್ಲದ ಒಂದು ಚಪ್ಪಟೆ ಹಾಸು. ಅದನ್ನು ಎರಡು ಬಗೆಯಲ್ಲಿ ಬಣ್ಣಿಸಬಹುದು. ಒಂದು ಬಗೆ ಹೀಗೆ: ಎರಡು ದಿಕ್ಕು ಕೊಡುತ್ತೇನೆ, ಈ ದಿಕ್ಕಿಗೆ ಬೇಕಾದಷ್ಟು ನಡೆ, ಆ ದಿಕ್ಕಿಗೆ ಬೇಕಾದಷ್ಟು ನಡೆ, ನೀನು ಎಲ್ಲೆಲ್ಲಿ ಮುಟ್ಟಬಲ್ಲೆಯೋ ಅದೆಲ್ಲ ಸೇರಿ ಸಮತಲ. ಆ ಎರಡು ದಿಕ್ಕುಗಳನ್ನು, ಮೂರು ಮೂರು ಅಂಕಿಗಳಾಗಿ, ಎರಡು ಕಂಬಗಳಂತೆ ಅಕ್ಕಪಕ್ಕ ನಿಲ್ಲಿಸಿ ಬರೆದರೆ ಒಂದು ಮ್ಯಾಟ್ರಿಕ್ಸ್ ಆಗುತ್ತದೆ. ಆ ಕಂಬಸಾಲಿಗೆ ನಾವು ಮಾತಿನಲ್ಲಿ ಕಾಲಂ ಅನ್ನುತ್ತೇವೆ. ಸಮತಲವು ಆ ಮ್ಯಾಟ್ರಿಕ್ಸಿನ ಇಮೇಜ್, ಅಂದರೆ ಬಿಂಬ. ಎರಡನೆಯ ಬಗೆ: ಮೂರು ಅಂಕಿಗಳ ಒಂದೇ ಒಂದು ಅಡ್ಡಸಾಲು ಕೊಡುತ್ತೇನೆ, ಯಾವ ಬಿಂದುವನ್ನು ಅದರಿಂದ ಅಂಕಿಗೆ ಅಂಕಿ ಗುಣಿಸಿ ಕೂಡಿಸಿದರೆ ಸೊನ್ನೆ ಬರುತ್ತದೋ ಅದು ಸಮತಲದೊಳಗಿನದು, ಬಾರದ್ದು ಹೊರಗಿನದು. ಆಗ ಸಮತಲವು ಆ ಅಡ್ಡಸಾಲಿನ ಕರ್ನೆಲ್, ಅಂದರೆ ತಿರುಳು. ಮೊದಲನೆಯದು ಎಲ್ಲೆಲ್ಲಿ ಹೋಗಬಹುದು ಎಂದು ಹೇಳುತ್ತದೆ. ಎರಡನೆಯದು ಯಾರು ಒಳಗೆ ಯಾರು ಹೊರಗೆ ಎಂದು ಬಾಗಿಲಲ್ಲಿ ನಿಂತು ಕೇಳುತ್ತದೆ.

"ಸರ್, ಕರ್ನಲ್ ಅಂದ್ರ ಮಿಲಿಟರಿಯೊಳಗ ಇರತಾರಲ್ರಿ, ಅವರೇನ್ರಿ?" ಎಂದು ಹಿಂದಿನ ಬೆಂಚಿನಿಂದ ಬಸವರಾಜ ಕೇಳಿದ. ಹುಡುಗರೆಲ್ಲ ನಕ್ಕರು. ನಾನು ನಗಲಿಲ್ಲ, ಅತಿಥಿಗಳು ನಗಬಾರದು.

ಆ ಪಾಠಕ್ಕೆ ನನಗೆ ನೆರವಾದವರು ಗಂಗವ್ವ. ಅವರು ವರಗಳನ್ನು ಹುಡುಕಿಕೊಡುವುದರಲ್ಲಿ ಹೆಸರಾದವರು. ಯಾವ ಹುಡುಗನ ಬಗ್ಗೆ ಕೇಳಿದರೂ ಅವರ ವರ್ಣನೆ ಒಂದೇ ಧಾಟಿ: "ಎಲಿ ತಿನ್ನಂಗಿಲ್ಲ, ಇಸ್ಪೀಟ ಆಡಂಗಿಲ್ಲ, ಹಿರೇರಿಗೆ ಎದುರು ಮಾತಾಡಂಗಿಲ್ಲ." ಆಚೆಮನೆಯ ಸುಶೀಲಾಬಾಯಿ ಅದೇ ಹುಡುಗನನ್ನು ಬೇರೆ ರೀತಿ ಹೇಳುತ್ತಿದ್ದರು: "ಹೊಲಾ ಮಾಡತಾನ, ಟ್ರ್ಯಾಕ್ಟರ್ ಹೊಡೀತಾನ, ಭಜನೀಗೆ ಹೋಗತಾನ." ಹುಡುಗ ಒಬ್ಬನೇ. ಗಂಗವ್ವನದು ಕರ್ನೆಲ್, ಸುಶೀಲಾಬಾಯಿಯದು ಇಮೇಜ್ ಎಂದು ಮರುದಿನ ಕ್ಲಾಸಿನಲ್ಲಿ ಹೇಳಿದೆ. ಪಾಠ ಅಂದು ಎಲ್ಲರಿಗೂ ಹತ್ತಿತು. ಎರಡನೆಯ ಬೆಂಚಿನಿಂದ ಒಂದು ಕೈ ಮೇಲೆ ಬಂತು.

"ಸರ್, ಸುಶೀಲಾಬಾಯಾರು ಮೂರು ಹೇಳಿದ್ರು. ಬ್ಯಾರೆದಾವರು ಬಂದು ಬ್ಯಾರೆ ಮೂರು ಹೇಳಿದ್ರೂ ಹುಡುಗ ಅವನೇ ಇರತಾನಲ್ರಿ?"

"ಹೂಂ, ಇರತಾನ," ಎಂದು ನಾನು ಬೋರ್ಡಿನ ಮುಂದಿನ ಸಾಲಿಗೆ ಹೋದೆ. ಆ ಪ್ರಶ್ನೆಯನ್ನು ನಾನು ಅಂದೇ ಸರಿಯಾಗಿ ಕೇಳಿಸಿಕೊಂಡಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಆ ಕೈ ರಜಿಯಾಳದು. ಮುನವಳ್ಳಿಯ ಹುಡುಗಿ. ಆಕೆಯ ತಂದೆ ಇಮಾಮಸಾಬ ಮನೆಗಳಿಗೆ ಫರಸಿ ಹಾಸುವ ಮೇಸ್ತ್ರಿ, ಅಂದರೆ ಚೌಕು ಕಲ್ಲಿನ ನೆಲ ಮಾಡುವವರು. ರಜಿಯಾ ದಿನಾ ಬೆಳಿಗ್ಗೆ ಬಸ್ಸಿಗೆ ಬರುತ್ತಿದ್ದಳು, ಮೊದಲ ಪೀರಿಯಡ್ಡಿಗೆ ಐದು ನಿಮಿಷ ತಡವಾಗಿ. ತಡವಾಗಿ ಬಂದು, ಕೂತು, ಉಸಿರು ತಗೊಂಡು, ಬೋರ್ಡು ನೋಡಿ, "ಯಾಕ್ರಿ ಸರ್?" ಎನ್ನುತ್ತಿದ್ದಳು. ತಾನು ಇಲ್ಲದಾಗ ಹೇಳಿದ್ದಕ್ಕೂ ಆಕೆಗೆ ಕಾರಣ ಬೇಕು. ಕೆಲವು ದಿನ ನನಗೆ ಖುಷಿಯಾಗುತ್ತಿತ್ತು. ನೋಟ್‌ಬುಕ್ಕಿನಲ್ಲಿ ಕಾರಣ ಇಲ್ಲದ ದಿನ ಸಿಟ್ಟು ಬರುತ್ತಿತ್ತು.

ಇನ್ನು ಆ ಕಿರುಪರೀಕ್ಷೆ. ಧಾರವಾಡದಲ್ಲಿ ಗಣಿತದ ಹತ್ತು ದಿನಗಳ ಶಿಬಿರವೊಂದು ನಡೆಯುವುದಿತ್ತು. ಪ್ರತಿ ಕಾಲೇಜಿನಿಂದ ಇಬ್ಬರು. ನಮ್ಮ ವಿಭಾಗದ ಮುಖ್ಯಸ್ಥರಾದ ಪಾಟೀಲ ಸರ್, "ನಿಮ್ಮ ಟೆಸ್ಟಿನ್ಯಾಗ ಮೊದಲನೇವ್ರು ಎರಡನೇವ್ರು ಯಾರೋ ಅವರ ಹೆಸರು ಕಳಸೂಣ," ಎಂದಿದ್ದರು. ನಾಲ್ಕನೆಯ ಪ್ರಶ್ನೆಗೆ ಐದು ಅಂಕ. ಒಂದು, ಎರಡು, ಮೈನಸ್ ಒಂದು ಎಂಬ ಅಡ್ಡಸಾಲಿನ ಕರ್ನೆಲ್ ಒಂದು ಸಮತಲ. ಅದೇ ಸಮತಲ ಇಮೇಜ್ ಆಗುವಂಥ ಒಂದು ಮ್ಯಾಟ್ರಿಕ್ಸ್ ಬರೆಯಿರಿ. ನೀಲಿ ನೋಟ್‌ಬುಕ್ಕಿನ ಉತ್ತರದಲ್ಲಿ ಮೊದಲ ಕಂಬಸಾಲು ಒಂದು, ಸೊನ್ನೆ, ಒಂದು. ಎರಡನೆಯದು ಸೊನ್ನೆ, ಒಂದು, ಎರಡು. ಇಡೀ ಕ್ಲಾಸು ಅದನ್ನೇ ಬರೆದಿತ್ತು, ಯಾಕೆಂದರೆ ಇಡೀ ಕ್ಲಾಸು ನನ್ನ ನೋಟ್ಸನ್ನೇ ಓದಿತ್ತು.

ರಜಿಯಾಳ ಮೊದಲ ಕಂಬಸಾಲು ಒಂದು, ಸೊನ್ನೆ, ಒಂದು. ಎರಡನೆಯದು ಒಂದು, ಮೈನಸ್ ಒಂದು, ಮೈನಸ್ ಒಂದು.

ನನಗೆ ಎಲ್ಲ ತಿಳಿದುಹೋಯಿತು ಎನಿಸಿತು. ಹುಡುಗಿ ನೋಟ್ಸು ಉರು ಹೊಡೆದಿದ್ದಾಳೆ, ಅರ್ಧ ನೆನಪಿದೆ, ಉಳಿದರ್ಧಕ್ಕೆ ಕೈಗೆ ಬಂದದ್ದನ್ನು ಬರೆದಿದ್ದಾಳೆ. ಕೆಂಪು ಪೆನ್ನಿನಿಂದ ಅಡ್ಡಗೀಟು ಎಳೆದೆ. ಐದಕ್ಕೆ ಒಂದು ಕೊಟ್ಟೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಪಕ್ಕದಲ್ಲಿ ಬರೆದೆ: 'ಬಾಯಿಪಾಠ ಮಾಡಿದರೆ ಅರ್ಧ ದಾರಿಯಲ್ಲಿ ಹೀಗೇ ಕೈಕೊಡುತ್ತದೆ.' ಆ ವಾಕ್ಯ ನನಗೆ ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಪೇಪರ್ ಹಂಚುವಾಗ ಕ್ಲಾಸಿನಲ್ಲಿ ಅದನ್ನು ದೊಡ್ಡದಾಗಿ ಓದಿ ಹೇಳಿದೆ. ಹುಡುಗರು ನಕ್ಕರು. ಅಂದು ನಾನೂ ನಕ್ಕೆ.

ಬಸವರಾಜನಿಗೆ ಇಪ್ಪತ್ತಕ್ಕೆ ಹದಿನೇಳು, ಸವಿತಾ ಎಂಬ ಹುಡುಗಿಗೆ ಹದಿನಾರು, ರಜಿಯಾಳಿಗೆ ಹದಿನೈದು.

ಮಧ್ಯಾಹ್ನ ಆಕೆ ಸ್ಟಾಫ್ ರೂಮಿಗೆ ಬಂದಳು. ಪೇಪರನ್ನು ಮಡಚದೆ, ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಸರ್, ನಾಕನೇದ್ದು ಒಮ್ಮಿ ನೋಡ್ರಿ."

"ನೋಡೇ ಹಾಕೇನಿ," ಎಂದೆ.

"ಎರಡನೇ ಕಾಲಂ ತಪ್ಪಿಲ್ರಿ. ಬ್ಯಾರೆ ಐತಿ, ತಪ್ಪಿಲ್ಲ."

"ನೋಟ್ಸಿನ್ಯಾಗ ಏನೈತಿ?"

"ನೋಟ್ಸಿನ್ಯಾಗ ಬ್ಯಾರೆ ಐತ್ರಿ."

"ಮತ್ತ?"

"ಗುಣಿಸಿ ನೋಡ್ರಿ ಸರ್. ಸೊನ್ನಿ ಬರತೈತಿ."

ನೋಡಿ, ಗುಣಿಸುವುದಕ್ಕೆ ಎಷ್ಟು ಹೊತ್ತು ಬೇಕು? ಒಂದೊಂದಲೇ ಒಂದು. ಎರಡು ಸಲ ಮೈನಸ್ ಒಂದು ಅಂದರೆ ಮೈನಸ್ ಎರಡು. ಮೈನಸ್ ಒಂದನ್ನು ಮೈನಸ್ ಒಂದರಿಂದ ಗುಣಿಸಿದರೆ ಒಂದು. ಒಂದು ಕಳೆ ಎರಡು ಕೂಡಿಸು ಒಂದು, ಸೊನ್ನೆ. ಕೈಬೆರಳಲ್ಲಿ ಆಗುವ ಲೆಕ್ಕ. ಆದರೆ ಸ್ಟಾಫ್ ರೂಮಿನಲ್ಲಿ ಮೂವರು ಹಿರಿಯ ಉಪನ್ಯಾಸಕರು ಚಹಾ ಕುಡಿಯುತ್ತ ನಮ್ಮ ಕಡೆ ನೋಡುತ್ತಿದ್ದರು. ಅವರೆದುರು ಒಬ್ಬ ವಿದ್ಯಾರ್ಥಿನಿ ಹೇಳಿದಳೆಂದು ಗುಣಿಸಲು ಕೂಡುವುದು ನನ್ನಿಂದ ಆಗಲಿಲ್ಲ. "ಮಾರ್ಕ್ಸ್ ಸಲುವಾಗಿ ವಾದ ಮಾಡಬ್ಯಾಡ. ಹೋಗಿನ್ನ," ಎಂದೆ. ಆಕೆ ಪೇಪರನ್ನು ಆಗ ಮಡಚಿದಳು. ಹೋದಳು. ಸಂಜೆ ಬಸವರಾಜ, ಸವಿತಾ ಇಬ್ಬರ ಹೆಸರು ಧಾರವಾಡಕ್ಕೆ ಹೋಯಿತು.

ಮರುದಿನದಿಂದ ರಜಿಯಾ "ಯಾಕ್ರಿ ಸರ್" ಎನ್ನುವುದನ್ನು ಬಿಟ್ಟಳು. ಐದು ನಿಮಿಷ ತಡವಾಗಿ ಬರುವಳು, ಕೂಡುವಳು, ಬರೆದುಕೊಳ್ಳುವಳು, ಹೋಗುವಳು. ಪಾಠ ಸರಾಗವಾಗಿ ಸಾಗಿತು. ಒಂದು ವಾರದಲ್ಲಿ ಎರಡು ವಾರದ ಪಾಠ ಮುಗಿಸಿದೆ. ಕ್ಲಾಸು ಈಗ ಶಿಸ್ತಿಗೆ ಬಂತು ಎಂದು ಗಂಗವ್ವನ ಮುಂದೆ ಹೇಳಿಕೊಂಡದ್ದೂ ನೆನಪಿದೆ. "ಶಿಸ್ತೋ, ಮುನಿಸೋ?" ಎಂದು ಆ ತಾಯಿ ಕಾಳು ಆರಿಸುತ್ತ ಕೇಳಿದರು. ನನಗೆ ತಿಳಿಯಲಿಲ್ಲ.

ಮುಂದಿನ ರವಿವಾರ ಕಿತ್ತೂರಿನಲ್ಲಿ, ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಸೋಮವಾರದ ಪಾಠ ಸಿದ್ಧಮಾಡುತ್ತಿದ್ದೆ. ಹೊಸ ಅಧ್ಯಾಯ: ಒಂದು ಸಮತಲಕ್ಕೆ ಎರಡು ದಿಕ್ಕು ಕೊಡುವಾಗ, ಅವು ಒಂದಕ್ಕೊಂದು ಲಂಬವಾಗಿ, ಅಂದರೆ ಸರಿಯಾದ ಮೂಲೆಯಲ್ಲಿ ಇರುವಂತೆ ಆರಿಸುವುದು ಹೇಗೆ? ಹಾಗೆ ಆರಿಸಿದರೆ ಮುಂದಿನ ಲೆಕ್ಕಗಳೆಲ್ಲ ಹಗುರ. ಉದಾಹರಣೆಗೆ ಒಂದು ಸಮತಲ ಬೇಕಿತ್ತು. ಹೊಸದು ಹುಡುಕಲು ಬೇಸರವಾಗಿ ಟೆಸ್ಟಿನ ಸಮತಲವನ್ನೇ ತಗೊಂಡೆ. ಮೊದಲ ದಿಕ್ಕು ಒಂದು, ಸೊನ್ನೆ, ಒಂದು. ಇದಕ್ಕೆ ಲಂಬವಾಗಿ, ಅದೇ ಸಮತಲದಲ್ಲಿರುವ ಇನ್ನೊಂದು ದಿಕ್ಕು? ಲೆಕ್ಕ ಮಾಡಿದೆ. ಉತ್ತರ ಬಂತು: ಒಂದು, ಮೈನಸ್ ಒಂದು, ಮೈನಸ್ ಒಂದು.

ಆ ಅಂಕಿಗಳನ್ನು ಎಲ್ಲೋ ನೋಡಿದ್ದೇನೆ ಎನಿಸಿತು. ಎಲ್ಲಿ ಎಂದು ನೆನಪಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಕಿವಿ ಬಿಸಿಯಾದವು. ನಾನು ನಾಳೆ ಕಲಿಸಬೇಕೆಂದಿದ್ದ ಪಾಠವನ್ನು ಆ ಹುಡುಗಿ ಹೋದ ವಾರವೇ ಬರೆದು ಕೊಟ್ಟಿದ್ದಳು. ನನ್ನ ನೋಟ್‌ಬುಕ್ಕಿನ ಜೋಡಿಗಿಂತ ಆಕೆಯ ಜೋಡಿ ಒಳ್ಳೆಯದಿತ್ತು. ಅದರ ಮೇಲೆ ನಾನು ಬಾಯಿಪಾಠ ಎಂದು ಬರೆದಿದ್ದೆ. ಅವ್ವ ಊಟಕ್ಕೆ ಕರೆದಳು. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟೆ. "ಜ್ವರ ಬಂದಾವೇನು?" ಎಂದು ಅವ್ವ ಹಣೆ ಮುಟ್ಟಿ ನೋಡಿದಳು.

ಸೋಮವಾರ ಬೆಳಿಗ್ಗೆ ಪಾಟೀಲ ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಶಾಂತವಾಗಿ ಕೇಳಿದರು. ಕನ್ನಡಕ ಒರೆಸಿದರು.

"ಮಾರ್ಕ್ಸ್ ತಿದ್ದಿ ಕೊಡ್ರಿ. ಆದ್ರ ಶಿಬಿರ ಇವತ್ತಿಂದ ಶುರು ಆತು, ಹೆಸರು ಬದಲಿ ಮಾಡಾಕ ಬರಂಗಿಲ್ಲ. ಇನ್ನೊಂದು ಹೇಳ್ತೇನಿ, ಕ್ಲಾಸಿನ್ಯಾಗ ಇದನ್ನ ಹೇಳಾಕ ಹೋಗಬ್ಯಾಡ್ರಿ. ಒಮ್ಮಿ ತಪ್ಪು ಅಂದ್ರ ಹುಡುಗರು ತಲೀಮ್ಯಾಲೆ ಕುಂತಾವು."

ಅದು ನನಗೆ ಅನುಕೂಲವಾದ ಸಲಹೆಯೇ ಆಗಿತ್ತು. ಸುಮ್ಮನೆ ಮಾರ್ಕ್ಸ್ ತಿದ್ದಿ, ಆಕೆಯನ್ನು ಕರೆದು ಮೆಲ್ಲಗೆ ಹೇಳಿದರೆ ಮುಗಿಯಿತು. ಆದರೆ ಆ ದಿನ ರಜಿಯಾ ಬಂದಿರಲಿಲ್ಲ. ಮಂಗಳವಾರವೂ ಬರಲಿಲ್ಲ. ಆಕೆಯ ಗೆಳತಿಯನ್ನು ಕೇಳಿದೆ. "ಗೊತ್ತಿಲ್ರಿ. ಫೈನಲ್ ಇಯರ್‌ದಾಗ ಮೂರರಾಗ ಒಂದು ಸಬ್ಜೆಕ್ಟ್ ಬಿಡೂದೈತಲ್ರಿ, ಗಣಿತ ಬಿಡತೇನಿ ಅಂತಿದ್ಲು," ಎಂದಳು. ಬುಧವಾರ ಮಧ್ಯಾಹ್ನದ ಬಸ್ಸು ಹತ್ತಿ ನಾನು ಮುನವಳ್ಳಿಗೆ ಹೋದೆ.

ಇಮಾಮಸಾಬರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ. ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಹೊಸ ಮನೆಗೆ ನೆಲ ಹಾಸುತ್ತಿದ್ದಾರೆ, ಗೃಹಪ್ರವೇಶ ಹತ್ತಿರ ಬಂದು ಅವಸರವಾಗಿದೆ, ಮನೆಮಂದಿಯೆಲ್ಲ ಅಲ್ಲೇ ಎಂದು ನೆರೆಯವರು ಹೇಳಿದರು. ಹೋದೆ. ದೊಡ್ಡ ಪಡಸಾಲೆ. ಎರಡು ದಾರಗಳನ್ನು ನೆಲದಿಂದ ನಾಲ್ಕು ಬೆರಳು ಮೇಲೆ ಬಿಗಿದು ಕಟ್ಟಿದ್ದರು, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಅವು ಕೂಡುವ ಮೂಲೆಯಲ್ಲಿ ರಜಿಯಾ ಕುಕ್ಕರಗಾಲಲ್ಲಿ ಕೂತು, ಕಬ್ಬಿಣದ ಮೂಲೆಮಟ್ಟವನ್ನು ದಾರಗಳಿಗೆ ಹೊಂದಿಸಿ ಹಿಡಿದಿದ್ದಳು. ಓಡ್ನಿಯ ತುದಿಗೆ ಸಿಮೆಂಟು ಹತ್ತಿತ್ತು. ಆಕೆಯ ತಾಯಿ ಕಲ್ಲುಗಳ ಸಂದುಗಳಿಗೆ ಬಿಳಿ ಸಿಮೆಂಟು ತುಂಬುತ್ತಿದ್ದರು. ಇಮಾಮಸಾಬರು ಒಂದು ಕಲ್ಲನ್ನು ಕೂರಿಸಿ ಮರದ ಕೊಡತಿಯಿಂದ ಬಡಿಯುತ್ತಿದ್ದವರು ತಲೆ ಎತ್ತಿದರು.

ರಜಿಯಾ ಎದ್ದು ನಿಂತಳು. "ಅಬ್ಬಾ, ನಮ್ಮ ಗಣಿತದ ಸರ್," ಎಂದು ತಂದೆಗೆ ಹೇಳಿದಳು. ಧ್ವನಿಯಲ್ಲಿ ಏನೂ ಇರಲಿಲ್ಲ.

"ಬರ್ರಿ, ಬರ್ರಿ. ಕೂಡ್ರಿ," ಎಂದ ಇಮಾಮಸಾಬರು ನಾನು ಒಂದು ಹೆಜ್ಜೆ ಇಟ್ಟೊಡನೆ, "ಅಲ್ಲಿ ಬ್ಯಾಡ್ರಿ! ಅದಿನ್ನೂ ಹಸಿ ಐತಿ!" ಎಂದು ಕೂಗಿದರು. ಬಸ್ಸಿನಲ್ಲಿ ಸಿದ್ಧಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ಆ ಕೂಗಿಗೆ ಹಾರಿಹೋದವು. ನಾನು ಹೊಸ್ತಿಲಲ್ಲಿ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ನಿಂತು ಹೇಳಿದೆ: "ರಜಿಯಾ, ನೀ ಬರದದ್ದು ಬರೋಬ್ಬರಿ ಇತ್ತು. ನಾ ತಪ್ಪು ಹಾಕಿದೆ."

ಇಮಾಮಸಾಬರು ಕೊಡತಿ ಕೆಳಗಿಟ್ಟರು.

"ಅಂದ್ರ ಸರ್, ಆಕಿ ಬರದದ್ದು ಖರೇ ಇತ್ತು?"

"ಖರೇ ಇತ್ರಿ."

"ಮತ್ತ ಬಾಯಿಪಾಠ ಮಾಡೀ ಅಂದ್ರಂತ?"

"ಅಂದೆ. ತಪ್ಪು ನಂದು."

ಅವರು ನನ್ನನ್ನು ನೋಡುತ್ತಲೇ ಇದ್ದರು. ಸಿಟ್ಟಿನಿಂದಲ್ಲ. ಒಂದು ಕಲ್ಲು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನೋಡುವ ಹಾಗೆ. ಆಮೇಲೆ ಹೆಂಡತಿಗೆ ಚಹಾ ತರಲು ಹೇಳಿದರು. ನಾನು ರಜಿಯಾಳನ್ನು ಕೇಳಿದೆ, "ಆ ಎರಡನೇ ಕಾಲಂ ನಿನಗ ಹೆಂಗ ಹೊಳೀತು? ನಾ ಇನ್ನೂ ಅದನ್ನ ಕಲಿಸೇ ಇರಲಿಲ್ಲ."

ಆಕೆ ದಾರಗಳ ಕಡೆ ಕೈ ತೋರಿಸಿದಳು. "ಎರಡು ದೋರಿ ಕಟ್ಟಿದ್ರ ನೆಲ ಬರತೈತ್ರಿ. ನಿಮ್ಮ ನೋಟ್ಸಿನ್ಯಾಗಿನ ದೋರಿ ಸೊಟ್ಟ ಇದ್ವು. ತಪ್ಪಲ್ಲ, ಸೊಟ್ಟ. ನಾ ಮೂಲಿ ಕೂಡೂವಂಥಾದ್ದು ಹುಡಿಕಿದೆ."

"ಸೊಟ್ಟ ದೋರಿ ಮ್ಯಾಲೂ ಫರಸಿ ಹಾಸಬಹುದ್ರಿ," ಎಂದು ಇಮಾಮಸಾಬರು ಮಾತು ತಗೊಂಡರು. ಕೆಲಸದ ಮಾತು ಬಂದದ್ದು ಅವರಿಗೆ ಹಾಯೆನಿಸಿರಬೇಕು. "ನೆಲಾ ಸಪಾಟ ಆಗತೈತಿ. ಆದ್ರ ಗ್ವಾಡಿ ಹಂತೇಕ ಹೋದಾಗ ಎಲ್ಲಾ ಕಲ್ಲು ಓರಿ ಕಡಿಯೂದು ಬರತೈತಿ. ಬಲ್ಲಾಂವ ಮೊದಲ ಮೂಲಿ ನೋಡ್ತಾನ."

ನನ್ನ ಗುರುಗಳು ಎರಡು ವಾರ ಹೇಳಿದ್ದ ಅಧ್ಯಾಯದ ಉದ್ದೇಶವನ್ನು ಅವರು ಚಹಾ ಬರುವುದರೊಳಗೆ ಮುಗಿಸಿದರು. ನಾನು ಮಾರ್ಕ್ಸ್ ತಿದ್ದುತ್ತೇನೆ, ಆದರೆ ಶಿಬಿರ ಶುರುವಾಗಿಬಿಟ್ಟಿದೆ ಎಂದು ಹೇಳಿದೆ. ರಜಿಯಾ ತಲೆಯಾಡಿಸಿದಳು. ಆಮೇಲೆ ಕೇಳಿದಳು:

"ಇದನ್ನ ಕ್ಲಾಸಿನ್ಯಾಗ ಹೇಳ್ತೀರೇನ್ರಿ?"

ಪಾಟೀಲ ಸರ್ ಮಾತು ನೆನಪಾಯಿತು. ನಾನು ತಡವರಿಸಿದೆ.

"ಬೈದದ್ದು ಕ್ಲಾಸಿನ್ಯಾಗ ಬೈದಿದ್ರಿ, ಅದಕ್ಕ ಕೇಳಿದೆ," ಎಂದಳು.

"ಹೇಳ್ತೇನಿ," ಎಂದೆ. ಅಷ್ಟು ಹೇಳುವುದಕ್ಕೆ ನನಗೆ ಅರ್ಧ ಲೋಟ ಚಹಾ ಬೇಕಾಯಿತು.

ಶುಕ್ರವಾರ ರಜಿಯಾ ಬಂದಳು, ಐದು ನಿಮಿಷ ತಡವಾಗಿ. ನಾನು ಕಾಯುತ್ತಿದ್ದೆ. ಬೋರ್ಡಿನ ಮೇಲೆ ನಾಲ್ಕನೆಯ ಪ್ರಶ್ನೆ ಬರೆದೆ. ನನ್ನ ಉತ್ತರ, ಆಕೆಯ ಉತ್ತರ ಎರಡನ್ನೂ ಬರೆದೆ. ಎರಡೂ ಸರಿ, ಆಕೆಯದು ಹೆಚ್ಚು ಸರಿ, ತಿಳಿಯದೆ ತಪ್ಪು ಹಾಕಿದವನು ನಾನು, ಬಾಯಿಪಾಠ ಮಾಡಿದವನೂ ನಾನೇ ಎಂದೆ. ಒಂದು ಸಮತಲಕ್ಕೆ ಇಂಥದೇ ಮ್ಯಾಟ್ರಿಕ್ಸ್ ಎಂಬುದಿಲ್ಲ. ಲೆಕ್ಕವಿಲ್ಲದಷ್ಟು ಜೋಡಿಗಳು ಅದೇ ಸಮತಲವನ್ನು ಹೇಳುತ್ತವೆ. ಒಳಗಿನದೋ ಹೊರಗಿನದೋ ಎಂದು ತಿಳಿಯಲು ಕರ್ನೆಲ್ಲಿನ ಅಡ್ಡಸಾಲಿನಿಂದ ಗುಣಿಸಬೇಕು, ನೋಟ್ಸಿನಲ್ಲಿ ಹುಡುಕಬಾರದು ಎಂದೆ. ಯಾರೂ ತಲೆಯ ಮೇಲೆ ಕೂಡಲಿಲ್ಲ.

"ಐದಕ್ಕೆ ಐದು," ಎಂದೆ.

ಎರಡನೆಯ ಬೆಂಚಿನಿಂದ ಕೈ ಮೇಲೆ ಬಂತು. "ಐದು ಬ್ಯಾಡ್ರಿ ಸರ್. ಎರಡು ಕಾಲಂ ಒಂದೇ ದಿಕ್ಕಿನ್ಯಾಗ ಇಲ್ಲ ಅಂತ ತೋರಸಬೇಕಿತ್ತು. ನಾ ತೋರ್ಸಿಲ್ಲ. ನಾಕು ಕೊಡ್ರಿ."

ನಾಲ್ಕು ಕೊಟ್ಟೆ. ಆಕೆಯ ಒಟ್ಟು ಅಂಕ ಹದಿನೆಂಟಾಯಿತು. ಕ್ಲಾಸಿಗೆ ಅದೇ ಎಲ್ಲಕ್ಕಿಂತ ಹೆಚ್ಚು. ಅದರಿಂದ ಆಕೆಗೆ ಬಂದ ಲಾಭ ಏನೂ ಇಲ್ಲ. ಧಾರವಾಡದಲ್ಲಿ ಆಗ ಐದನೆಯ ದಿನದ ಪಾಠ ನಡೆಯುತ್ತಿತ್ತು. ಪಾಟೀಲ ಸರ್ ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಐದನೆಯ ದಿನ ಬಂದು, "ಒಂದು ಚಾಕ್‌ಪೀಸ್ ಕೊಡ್ರಿ," ಎಂದರು. ಅವರ ಕೈಯಲ್ಲಿ ಆಗಲೇ ಒಂದು ಇತ್ತು.

ರಜಿಯಾ ಮತ್ತೆ "ಯಾಕ್ರಿ ಸರ್" ಎನ್ನತೊಡಗಿದಳು, ಮೊದಲಿನಷ್ಟಲ್ಲ. ಆ ವರ್ಷ ಮುಗಿಯಿತು, ನನ್ನ ಅತಿಥಿತನವೂ ಮುಗಿಯಿತು. ಆಮೇಲೆ ಬೇರೆ ಬೇರೆ ಊರು, ಕೊನೆಗೆ ಸವದತ್ತಿಯಲ್ಲಿ ಕಾಯಂ ಆದೆ. ಆಕೆ ಗಣಿತ ಇಟ್ಟುಕೊಂಡಳೋ ಬಿಟ್ಟಳೋ ತಿಳಿಯಲಿಲ್ಲ. ಕೇಳಬಹುದಿತ್ತು. ಮುನವಳ್ಳಿ ಇಲ್ಲಿಂದ ಏನು ದೂರ? ನವಿಲುತೀರ್ಥದ ಅಣೆಕಟ್ಟಿಗೆ ನೀರು ನೋಡಲು ಹೋದಾಗೆಲ್ಲ ಅಲ್ಲಿಗೆ ಹೋಗಿ ಬರಬೇಕು ಅಂದುಕೊಂಡದ್ದುಂಟು. ಬಿಟ್ಟಿದ್ದಾಳೆ ಎಂದರೆ ಏನು ಮಾಡುವುದು ಎಂದು ಹೆದರಿ ವಾಪಸು ಬಂದದ್ದೂ ಉಂಟು. ಪ್ರತಿ ವರ್ಷ ಹೊಸ ಹುಡುಗರಿಗೆ ಈ ಕಥೆ ಹೇಳುತ್ತೇನೆ. ಹೇಳುತ್ತ ಹೇಳುತ್ತ ಅದರಲ್ಲಿ ನಾನು ಸ್ವಲ್ಪ ಸ್ವಲ್ಪವೇ ಒಳ್ಳೆಯವನಾಗುತ್ತ ಬಂದಿದ್ದೇನೆ ಎಂಬ ಗುಮಾನಿ ನನಗಿದೆ.

ಮೊನ್ನೆ ಆ ಪ್ರಶ್ನೆಪತ್ರಿಕೆ ಕಂಡ ಮೇಲೆ ತಡೆಯಲಾಗಲಿಲ್ಲ. ಬಸವರಾಜ ಈಗ ಬೈಲಹೊಂಗಲದಲ್ಲಿ ಬೀಜದ ಅಂಗಡಿ ಇಟ್ಟಿದ್ದಾನೆ. ಶಿಬಿರಕ್ಕೆ ಹೋಗಿ ಬಂದವನು ಅವನೇ. ಫೋನು ಮಾಡಿದೆ. "ರಜಿಯಾ? ರಾಮದುರ್ಗದಾಗ ಲೆಕ್ಚರರ್ ಅದಾಳ್ರಿ. ಗಣಿತ ಅಲ್ರಿ ಸರ್, ಫಿಸಿಕ್ಸ್," ಎಂದು ನಂಬರು ಕೊಟ್ಟ.

ಫಿಸಿಕ್ಸ್. ಅಂದರೆ ಬಿಟ್ಟಿದ್ದಳು. ಫೋನನ್ನು ಎರಡು ದಿನ ಕೈಯಲ್ಲಿ ಹಿಡಿದು ತಿರುಗಿದೆ. ಮಂಗಳವಾ‌ರ ಮಧ್ಯಾಹ್ನ ಮಾಡಿದೆ. ಹೆಸರು ಹೇಳಿದೊಡನೆ ಗುರುತು ಹಿಡಿದಳು. ತಂದೆ ಚೆನ್ನಾಗಿದ್ದಾರೆ, ಮಂಡಿ ನೋವು, ಕೆಲಸ ಬಿಟ್ಟಿದ್ದಾರೆ, ಬೇರೆಯವರು ಹಾಸಿದ ನೆಲ ನೋಡಿ ತಪ್ಪು ಹುಡುಕುತ್ತಾರೆ ಎಂದು ನಕ್ಕಳು. ನಾನು ನೇರ ಕೇಳಿಬಿಟ್ಟೆ: "ನೀ ಗಣಿತ ಬಿಟ್ಟಿದ್ದು ನನ್ನಿಂದೇನು?"

"ಅಯ್ಯ, ಇಲ್ರಿ ಸರ್. ನಿಮ್ಮ ಮ್ಯಾಲಿನ ಸಿಟ್ಟಿಗೆ ಬಿಡತೇನಿ ಅಂದಿದ್ದು ಖರೇ. ಆದ್ರ ಆ ಸಿಟ್ಟು ನೀವು ಮುನವಳ್ಳಿಗೆ ಬಂದ ದಿನಾನ ಹೋತು. ಮುಂದ ಫಿಸಿಕ್ಸ್ ಹೆಚ್ಚು ಸೇರಿತು, ಅದನ್ನ ತಗೊಂಡೆ. ಅಷ್ಟರಿ."

ಅಷ್ಟೆ. ಹದಿನೆಂಟು ವರ್ಷ ನಾನು ಹೊತ್ತುಕೊಂಡು ತಿರುಗಿದ ಭಾರವನ್ನು ಆಕೆ ಒಂದು ಮಾತಿನಲ್ಲಿ ಇಳಿಸಿದಳು. ಹಗುರಾಗಬೇಕಿತ್ತು. ನಿಜ ಹೇಳುತ್ತೇನೆ, ಸ್ವಲ್ಪ ನಿರಾಸೆಯಾಯಿತು. ಆಕೆಯ ಬದುಕಿನ ತಿರುವಿನಲ್ಲಿ ನಾನು ನಿಂತಿದ್ದೇನೆ ಎಂದುಕೊಂಡಿದ್ದೆ. ಆಕೆ ನನ್ನ ಪಕ್ಕದಿಂದ ಹಾದು ಎಂದೋ ಮುಂದೆ ಹೋಗಿದ್ದಳು.

"ಹೋದ ತಿಂಗಳು ನನ್ನಿಂದನೂ ಹಂಗ ಆತ್ರಿ ಸರ್," ಎಂದು ಆಕೆಯೇ ಮುಂದುವರಿಸಿದಳು. "ಒಂದು ಹುಡುಗಿ ಪೇಪರಿಗೆ ತಪ್ಪು ಹಾಕಿದ್ದೆ. ಆಕಿ ದಾರಿ ಬ್ಯಾರೆ ಇತ್ತು, ಉತ್ತರ ಬರೋಬ್ಬರಿ ಇತ್ತು. ಕ್ಲಾಸಿನ್ಯಾಗ ಹೇಳಿದೆ. ಭಾಳ ಕಷ್ಟ ಐತ್ರಿ ಅದು. ಅವತ್ತು ನಿಮಗ ಎಷ್ಟು ಕಷ್ಟ ಆಗಿರಬೇಕು ಅಂತ ಆಗ ಗೊತ್ತಾತು. ನೀವು ಬೋರ್ಡಿನ ಕಡೆ ಮಾರಿ ಮಾಡಿ ಹೇಳಿದ್ರಿ. ನಾ ಹುಡುಗೂರ ಕಡೆ ಹೊಳ್ಳಿ ನಿಂತು ಹೇಳಿದೆ."

ನನಗದು ನೆನಪಿರಲಿಲ್ಲ. ನನ್ನ ಕಥೆಯಲ್ಲಿ ನಾನು ಯಾವಾಗಲೂ ಕ್ಲಾಸಿನ ಕಡೆ ಮುಖಮಾಡಿಯೇ ನಿಂತಿರುತ್ತಿದ್ದೆ. ನಾನು ಏನಾದರೂ ಹೇಳುವಷ್ಟರಲ್ಲಿ ಆಕೆಯ ಕಾಲೇಜಿನ ಗಂಟೆ ಬಾರಿಸಿತು. "ಕ್ಲಾಸ್ ಐತ್ರಿ ಸರ್, ಇಡತೇನಿ," ಎಂದಳು.

ಮರುದಿನ ನನಗೂ ಕ್ಲಾಸು ಇತ್ತು. ಹಿಂದಿನ ದಿನ ಬರೆಸಿದ ಒಂದು ಲೆಕ್ಕದಲ್ಲಿ ಚಿಹ್ನೆಯೊಂದು ತಪ್ಪಿತ್ತು. ಸಣ್ಣದು, ಯಾರೂ ಗಮನಿಸಿರಲಿಲ್ಲ. ಒರೆಸಿ ತಿದ್ದಿಬಿಡಬಹುದಿತ್ತು. ಚಾಕ್‌ಪೀಸನ್ನು ಮೇಜಿನ ಮೇಲಿಟ್ಟೆ. ಕೈ ಒರೆಸಿಕೊಂಡೆ. ಹೊರಳಿ ನಿಂತೆ. ನಲವತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು.

"ನಿನ್ನೆ ನಾ ಒಂದು ತಪ್ಪು ಬರಸೇನಿ," ಎಂದೆ.